ಅವ್ವನ ಒಲೆಗೆ ಹೊಗೆಕೊಳವೆ ಬಂದಿದ್ದು

ಹೋದ ತಿಂಗಳು ಹೊಳೆನರಸೀಪುರದ ಹತ್ರ ನಮ್ಮ ತವರುಮನೆಯ ಹಳೆ ಅಡಿಗೆಮನೆ ಕೆಡವಿದ್ರು. ಹೆಂಚು ಇಳಿಸ್ತಿದ್ದ ಹುಡುಗ "ಈ ಸಿಮೆಂಟ್ ಪೈಪು ಯಾತಕ್ಕಕ್ಕಾ, ಮಳೆನೀರಿಗಾ?" ಅಂದ. ಅಸ್ತ್ರ ಒಲೆ ಪೈಪು ಕಣಪ್ಪಾ ಅಂದ್ರೆ ಅವನಿಗೆ ಗೊತ್ತಾಗ್ಲಿಲ್ಲ. ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಇರೋ ನಮ್ಮ ವಯಸ್ಸಿನೋರಿಗೆ ನೆನಪಿರಬೇಕು.

ನಮ್ಮ ಹಳೆ ಒಲೆ ನಿಮಗೆ ಗೊತ್ತಿರೋದೇ. ಮಣ್ಣಿನ ಕಟ್ಟೆ, ಮೂರು ಗುಂಡು, ಪಕ್ಕದಲ್ಲೊಂದು ಕೋಡೊಲೆ. ಹೊಗೆ ಹೋದ್ರೆ ಹೆಂಚಿನ ಸಂದೀಲಿ ಹೋಗಬೇಕು, ಇಲ್ಲಾಂದ್ರೆ ಗವಾಕ್ಷೀಲಿ. ಅಟ್ಟದ ತುಂಬ ಇಲ್ಲಣ ಜೋತಾಡೋದು. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಅವ್ವನ ಕಣ್ಣು ಕೆಂಡದ ಹಾಗೆ ಆಗಿರೋದು. ರಾತ್ರಿ ಎಲ್ಲಾ ಕೆಮ್ಮು. ಅದು ಕಾಯಿಲೆ ಅಂತ ಮನೇಲಿ ಯಾರಿಗೂ ಅನ್ನಿಸಿರ್ಲಿಲ್ಲ, ಹೆಂಗಸ್ರ ಕೆಮ್ಮು ಅಷ್ಟೇ.

ಹೊಗೆ ಕಮ್ಮಿ ಮಾಡೋ ಯೋಚನೆ ಹಳೇದು. ವಾರ್ಧಾದ ಮಗನವಾಡೀಲಿ 1947ರಲ್ಲೇ ಮಗನ್ ಚೂಲಾ ಮಾಡಿದ್ರು, 1953ರ ಹೊತ್ತಿಗೆ ಹೈದರಾಬಾದಿನ ಎಸ್. ಪಿ. ರಾಜು ಅವರೂ ಒಂದು ಮಾಡಿದ್ರು. ನಮ್ಮ ಕಡೆಗೆ ಬಂದಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿಂದ. 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರು ಹಳ್ಳಿಗಾಗಿ ವಿಜ್ಞಾನ ಅಂತ ಅಸ್ತ್ರ ಅನ್ನೋ ಕೇಂದ್ರ ಶುರು ಮಾಡಿದ್ರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರದೊಂದು ಕೇಂದ್ರ ಇತ್ತು. 80ರ ದಶಕದಲ್ಲಿ ಅವರ ಒಲೆ ಊರೂರಿಗೆ ಬಂತು. ಸರ್ಕಾರದ ಯೋಜನೇಲೂ ಹೊಗೆರಹಿತ ಒಲೆ ಹಾಕಿಕೊಡೋರು.

ಒಲೆ ಹೆಂಗೆ ಅಂದ್ರೆ, ಬೆಂಕಿ ಸುತ್ತ ಮುಚ್ಚಿರುತ್ತೆ. ಸೌದೆ ಕಬ್ಬಿಣದ ಸರಳಿನ ಜಾಲರಿ ಮೇಲೆ ಉರಿಯುತ್ತೆ, ಕೆಳಗಿನಿಂದ ಗಾಳಿ ಬರುತ್ತೆ, ಬೂದಿ ಕೆಳಗೆ ಬೀಳುತ್ತೆ. ಉರಿ ಮೊದಲನೇ ಪಾತ್ರೆ ಕೆಳಗಿಂದ ಎರಡನೇದಕ್ಕೆ, ಅಲ್ಲಿಂದ ಮೂರನೇದಕ್ಕೆ ಹೋಗಿ, ಆಮೇಲೆ ಕೊಳವೇಲಿ ಹೊರಗೆ. ಮುದ್ದೆ ಬೇಯೋ ಉರೀಲೇ ಸಾರೂ ಕುದೀತಿತ್ತು, ಕೈಕಾಲಿಗೆ ನೀರೂ ಕಾಯ್ತಿತ್ತು. ಸೌದೆ ಹೆಚ್ಚು ಕಮ್ಮಿ ಅರ್ಧಕ್ಕೆ ಇಳೀತು.

ನಮ್ಮನೇಲಿ ಹಳೆ ಕಟ್ಟೆ ಕೆಡವಬಾರದು ಅಂತ ಅಜ್ಜಿ ಹಟ. ಅದಕ್ಕೆ ಗಾರೆಯವರು ಗುಂಡು ಮಾತ್ರ ಕಿತ್ತು, ಆ ಕಟ್ಟೆ ಮೇಲೇ ಹೊಸದನ್ನ ಕೂರಿಸಿದ್ರು. ಬಾಯಿ ಮೂಡಣಕ್ಕೇ ಇತ್ತು. ಜೇಡಿಮಣ್ಣಿಗೆ ಮರಳು, ಭತ್ತದ ಹೊಟ್ಟು, ಸಗಣಿ ಕಲಸಿ ಮೆತ್ತಿದ್ರು. ಗೋಡೆ ಪಕ್ಕದಲ್ಲಿ ಪೈಪು ಎಬ್ಬಿಸಿ, ನಾಲ್ಕು ನಾಡಹೆಂಚು ಸರಿಸಿ ಹೊರಗೆ ಬಿಟ್ಟು, ಮಳೆ ಬೀಳದ ಹಾಗೆ ಮೇಲೊಂದು ಟೋಪಿ. ತೊಲೆ ಹತ್ರ ಪೈಪು ಹೋಗದೇ ಇರೋಕೆ ಅಪ್ಪ ನಿಂತು ನೋಡ್ಕೊಂಡ್ರು. ಪೂರ್ತಿ ಒಣಗೋ ತನಕ ಹೊರಗೆ ಕಲ್ಲಿಟ್ಟು ಅಡಿಗೆ.

ಆದ್ರೆ ಮೊದಲ ದಿನವೇ ತೊಂದರೆ. ಬಂದೋರು ಯಾವ ಪಾತ್ರೆ ಅಳತೆಗೆ ತೂತು ಮಾಡಿದ್ರೋ, ನಮ್ಮ ಮುದ್ದೆ ತಪ್ಪಲೆ ಅದಕ್ಕೆ ಕೂರಲೇ ಇಲ್ಲ! ಸುತ್ತ ಸಂದು, ಸಂದೀಲೆಲ್ಲ ಹೊಗೆ. ಕೋಲಿನಲ್ಲಿ ತಿರುವುವಾಗ ತಪ್ಪಲೆ ಅಲ್ಲಾಡಿ ಅಂಚು ಬಿರುಕು ಬಿಟ್ತು. ಅಜ್ಜಿಗೆ ಖುಷಿಯೋ ಖುಷಿ. ಪಕ್ಕದ ಎರಡು ಮನೇಲಿ ಹಿಂಗೇ ಆಗಿ ಒಲೆ ಒಡೆದು ಹಾಕಿ ಗುಂಡು ಇಟ್ಕೊಂಡ್ರು. ತಪ್ಪು ಒಲೇದಲ್ಲ ಅಂತ ನನಗೆ ಈಗ್ಲೂ ಅನ್ಸುತ್ತೆ, ಅಡಿಗೆ ಮಾಡೋರನ್ನ ಒಂದು ಮಾತು ಕೇಳ್ಲಿಲ್ಲವಲ್ಲ. ಅವ್ವ ಬಿಡ್ಲಿಲ್ಲ. ತಪ್ಪಲೆಗೇ ಒದ್ದೆ ಬೂದಿ ಬಳಿದು ತೂತಿನಲ್ಲಿಟ್ಟು, ಸುತ್ತ ಹಸಿಮಣ್ಣು ಒತ್ತಿ ತಿರುಗಿಸಿ ತಾನೇ ಅಳತೆ ಮಾಡ್ಕೊಂಡ್ಳು.

ಆಮೇಲೆ ಬೇರೆ ಗೋಳು. ಸೌದೆ ಸಣ್ಣಗೆ ಸೀಳಬೇಕು, ಕೊಳವೆ ಒಳಗಿನ ಮಸಿ ಆಗಾಗ ತೆಗೀಬೇಕು. ಮರೆತ್ರೆ ಹೊಗೆ ವಾಪಸ್ಸು. ಹೊಗೆ ನಿಂತಮೇಲೆ ಅಟ್ಟದಲ್ಲಿದ್ದ ಬೀಜದ ಜೋಳಕ್ಕೆ ಹುಳ ಬಿತ್ತು ಅಂತ ಅಜ್ಜಿ ಹೇಳ್ತಾನೇ ಇದ್ಲು, ಅದು ನಿಜಾನೇ. ಆದ್ರೆ ಅವ್ವನ ಕೆಮ್ಮು ಒಂದು ಮಳೆಗಾಲದಲ್ಲೇ ಕಮ್ಮಿಯಾಯ್ತು.

2002ಕ್ಕೆ ಕೇಂದ್ರ ಸರ್ಕಾರ ಆ ಯೋಜನೆ ನಿಲ್ಲಿಸ್ತು, 2016ರಲ್ಲಿ ಉಜ್ವಲಾ ಗ್ಯಾಸು ಬಂತು. ತವರುಮನೇಲೂ ಈಗ ಗ್ಯಾಸೇ. ಆದ್ರೆ ಬಚ್ಚಲ ಹಂಡೆ ಒಲೆ ಇವತ್ತಿಗೂ ಸೌದೇದೇ, ಕೊಳವೆ ಇಲ್ಲ, ನಾದಿನಿ ಬೆಳಿಗ್ಗೆ ಅಲ್ಲಿ ಕೂತು ಕಣ್ಣೊರೆಸ್ಕೊಳ್ತಾಳೆ. ಹಳೇ ಪೈಪು ಬಿರುಕು ಬಿಟ್ಟಿದೆ. ಹೊಸದೊಂದು ತಂದು ಅಲ್ಲಿಗೆ ಹಾಕ್ಸು ಅಂತ ತಮ್ಮಂಗೆ ಹೇಳಿ ಬಂದಿದೀನಿ.