ಕಾಡಿನಲ್ಲಿ ಎಷ್ಟು ಜೀವಿಗಳಿವೆ? ಎಣಿಕೆಯ ವಿಧಾನಗಳ ಒಳನೋಟ

ಕೋಣನಕುಂಟೆ (ಬೆಂಗಳೂರು): ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ತುರಹಳ್ಳಿ ಕಾಡಿದೆ. ಬಂಡೆಗಳ ನಡುವೆ ಕುರುಚಲು ಪೊದೆ, ಹುಲ್ಲು, ಅಲ್ಲಲ್ಲಿ ನೆಟ್ಟು ಬೆಳೆಸಿದ ನೀಲಗಿರಿ. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಪ್ರಸ್ತಾವ ಬಂದಾಗ ಸುತ್ತಲಿನ ನಿವಾಸಿಗಳು ಮತ್ತು ಪರಿಸರಾಸಕ್ತರು ಅದನ್ನು ವಿರೋಧಿಸಿ ಬೀದಿಗಿಳಿದರು. ಇಂತಹ ವಿವಾದಗಳಲ್ಲೆಲ್ಲ ತಲೆಯೆತ್ತುವ ಪ್ರಶ್ನೆ ಒಂದೇ: ಈ ಕುರುಚಲಿನಲ್ಲಿ ಉಳಿಸಿಕೊಳ್ಳುವಂಥದ್ದು ಏನಿದೆ? ಉತ್ತರವು ಎಣಿಸಿದ ವಿಧಾನವನ್ನು ಅವಲಂಬಿಸಿರುತ್ತದೆ. ಮರಗಳನ್ನಷ್ಟೇ ಎಣಿಸುವವರಿಗೆ ಕುರುಚಲು ಕಾಡು ಯಾವಾಗಲೂ ಬಡವಾಗಿಯೇ ಕಾಣುತ್ತದೆ.

ಒಂದು ಕಾಡಿನ ಎಲ್ಲ ಜೀವಿಗಳನ್ನೂ ಎಣಿಸಲು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ವಿಜ್ಞಾನಿಗಳು ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುವ ಮಾರ್ಗವನ್ನೇ ಹಿಡಿಯುತ್ತಾರೆ. ಸಸ್ಯಗಳಿಗೆ ಬಳಸುವುದು ಚೌಕ ವಿಧಾನ. ಹಗ್ಗ ಕಟ್ಟಿ ನಿಗದಿತ ಅಳತೆಯ ಚೌಕಗಳನ್ನು ಗುರುತಿಸಿ, ಅದರೊಳಗಿನ ಪ್ರತಿ ಸಸ್ಯವನ್ನೂ ದಾಖಲಿಸಲಾಗುತ್ತದೆ. ಹುಲ್ಲು ಮತ್ತು ಗಿಡಮೂಲಿಕೆಗಳಿಗೆ ಒಂದು ಮೀಟರ್ ಚೌಕ ಸಾಕಾದರೆ, ಮರಗಳಿಗೆ ಹತ್ತು ಅಥವಾ ಇಪ್ಪತ್ತು ಮೀಟರಿನ ಚೌಕ ಬೇಕು. ಚೌಕ ಎಲ್ಲಿ ಬೀಳಬೇಕೆಂಬುದನ್ನು ಎಣಿಸುವವರು ತಮ್ಮ ಇಚ್ಛೆಯಂತೆ ನಿರ್ಧರಿಸುವಂತಿಲ್ಲ; ನಕ್ಷೆಯ ಮೇಲೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಬೇಕು. ಇಲ್ಲವಾದರೆ ನಡೆಯಲು ಸುಲಭವಾದ ಕಾಲುದಾರಿಯ ಅಂಚೇ ಇಡೀ ಕಾಡಿನ ಪ್ರತಿನಿಧಿಯಾಗಿಬಿಡುತ್ತದೆ. ಹೊಸ ಚೌಕಗಳಲ್ಲಿ ಹೊಸ ಪ್ರಭೇದ ಸಿಗುವುದು ಬಹುಮಟ್ಟಿಗೆ ನಿಂತಾಗ ಎಣಿಕೆ ಸಾಕೆಂದು ಭಾವಿಸಲಾಗುತ್ತದೆ.

ಚೌಕಗಳನ್ನು ಶಾಶ್ವತವಾಗಿ ಉಳಿಸಿಕೊಂಡ ನಿದರ್ಶನವೂ ಇದೆ. ಬಂಡೀಪುರಕ್ಕೆ ಹೊಂದಿಕೊಂಡ, ತಮಿಳುನಾಡಿನ ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವು 1980ರ ದಶಕದ ಕೊನೆಯಲ್ಲಿ 50 ಹೆಕ್ಟೇರ್ ಪ್ರದೇಶ ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪನೆಯ ಪ್ರತಿ ಕಾಂಡಕ್ಕೂ ಸಂಖ್ಯೆ ನೀಡಿತು. ಅವುಗಳ ಹುಟ್ಟು, ಬೆಳವಣಿಗೆ, ಸಾವುಗಳ ಲೆಕ್ಕ ಅಂದಿನಿಂದ ನಡೆದುಬಂದಿದೆ.

ಓಡಾಡುವ ಪ್ರಾಣಿಗಳಿಗೆ ಚೌಕ ಒಗ್ಗುವುದಿಲ್ಲ. ನಾಗರಹೊಳೆಯಲ್ಲಿ ಡಾ. ಕೆ. ಉಲ್ಲಾಸ ಕಾರಂತ ಅವರು ನೇರ ಗೆರೆಯ ದಾರಿಗಳಲ್ಲಿ ನಡೆದು, ಕಂಡ ಜಿಂಕೆ, ಕಾಟಿಗಳು ದಾರಿಯಿಂದ ಎಷ್ಟು ದೂರದಲ್ಲಿವೆಯೆಂದು ಅಳೆಯುವ ಕ್ರಮವನ್ನು ಅಳವಡಿಸಿದರು. ದೂರ ಹೆಚ್ಚಿದಂತೆ ಪ್ರಾಣಿ ಕಣ್ಣಿಗೆ ಬೀಳುವ ಸಂಭವ ಎಷ್ಟು ತಗ್ಗುತ್ತದೆ ಎಂಬುದರಿಂದ, ಕಾಣದೆ ಉಳಿದವುಗಳ ಸಂಖ್ಯೆಯನ್ನೂ ಅಂದಾಜಿಸಬಹುದು. ಹುಲಿಗಳಿಗೆ ಅವರು ಬಳಸಿದ್ದು ಕ್ಯಾಮೆರಾ ಟ್ರ್ಯಾಪ್. ಪ್ರತಿ ಹುಲಿಯ ಪಟ್ಟೆಯೂ ಬೇರೆಯಾದ್ದರಿಂದ ಅದೇ ಗುರುತಿನ ಚೀಟಿ. ತತ್ವ ಸರಳ: ಮೊದಲ ಸುತ್ತಿನಲ್ಲಿ 20 ಪ್ರಾಣಿಗಳನ್ನು ಗುರುತಿಸಿ, ಎರಡನೇ ಸುತ್ತಿನಲ್ಲಿ ಸಿಕ್ಕ 20ರಲ್ಲಿ 10 ಹಳೆಯವೇ ಆಗಿದ್ದರೆ ಒಟ್ಟು ಸಂಖ್ಯೆ ಸುಮಾರು 40 ಎಂದು ಲೆಕ್ಕ. ವಾಸ್ತವದ ಗಣಿತ ಇದಕ್ಕಿಂತ ಬಹಳ ಕ್ಲಿಷ್ಟ.

ನಿಜವಾದ ಸವಾಲು ಕೀಟಗಳದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್, ಕೆ. ಚಂದ್ರಶೇಖರ ಮತ್ತು ಪದ್ಮಿನಿ ನಾಯರ್ ಅವರು ಉತ್ತರ ಕನ್ನಡ ಜಿಲ್ಲೆಯಲ್ಲಿ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಿಟ್ಟಿನಲ್ಲಿ ಉಲ್ಲೇಖನೀಯ. ಯಾವುದೇ ಒಂದು ಸಾಧನವನ್ನು ನೆಚ್ಚದೆ ಅವರು ನಾಲ್ಕನ್ನು ಒಟ್ಟುಗೂಡಿಸಿದರು: ರಾತ್ರಿಯ ಪತಂಗಗಳಿಗೆ ಬೆಳಕಿನ ಬಲೆ, ಪೊದೆ-ಹುಲ್ಲಿನ ಕೀಟಗಳಿಗೆ ಬೀಸುಬಲೆ, ನೆಲದ ಮೇಲೆ ಹರಿದಾಡುವ ಇರುವೆ-ಜೀರುಂಡೆಗಳಿಗೆ ಮಣ್ಣಿನ ಮಟ್ಟಕ್ಕೆ ಬಾಯಿ ತೆರೆದು ಹೂತ ಗುಂಡಿಬಲೆ, ಜೊತೆಗೆ ವಾಸನೆಯ ಬಲೆ. ದೊರೆತದ್ದು 16 ಸಾವಿರಕ್ಕೂ ಹೆಚ್ಚು ಕೀಟಗಳು, 1,700ಕ್ಕೂ ಹೆಚ್ಚು ಪ್ರಭೇದಗಳು. ದೀಪದ ಬಳಿ ಸುಳಿಯದ ಇರುವೆ ಗುಂಡಿಗೆ ಬೀಳುತ್ತದೆ. ಗುಂಡಿಯ ಮೇಲೆ ಹಾರಿಹೋಗುವ ಪತಂಗ ದೀಪಕ್ಕೆ ಬರುತ್ತದೆ. ದುಬಾರಿ ಉಪಕರಣಗಳ ಹಂಗಿಲ್ಲದೆ ಎಲ್ಲಿ ಬೇಕಾದರೂ ಪುನರಾವರ್ತಿಸಬಹುದಾದ್ದು ಈ ಕ್ರಮದ ಹೆಚ್ಚುಗಾರಿಕೆ.

ಎಣಿಸಿದ ಮೇಲೆ ಹೋಲಿಕೆಯ ತೊಡಕು. ತಲಾ ಹತ್ತು ಪ್ರಭೇದಗಳ ನೂರು ಮರಗಳಿರುವ ಎರಡು ತೋಪುಗಳಿವೆ ಎನ್ನೋಣ. ಒಂದರಲ್ಲಿ ಪ್ರತಿ ಪ್ರಭೇದದ ಹತ್ತು ಮರ. ಇನ್ನೊಂದರಲ್ಲಿ 91 ನೀಲಗಿರಿ, ಉಳಿದವು ಒಂದೊಂದೇ. ಪ್ರಭೇದಗಳ ಪಟ್ಟಿಯ ಉದ್ದ ಒಂದೇ ಆದರೂ ಕಾಡು ಒಂದೇ ಅಲ್ಲ. ಶಾನನ್, ಸಿಂಪ್ಸನ್ ಸೂಚ್ಯಂಕಗಳು ಈ ಅಂತರವನ್ನು ಅಂಕಿಯಾಗಿಸುತ್ತವೆ. ಹತ್ತೂ ಪ್ರಭೇದಗಳು ಹುಲ್ಲಿನ ಜಾತಿಯವೇ ಆಗಿದ್ದರೆ ಅದನ್ನೂ ವೈವಿಧ್ಯವೆನ್ನಬಹುದೇ? ಈ ಕೊರತೆ ನೀಗಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆ.ಎನ್. ಗಣೇಶಯ್ಯ ಮತ್ತು ಸಹೋದ್ಯೋಗಿಗಳು 1997ರಲ್ಲಿ 'ಅವಲಾಂಚ್ ಸೂಚ್ಯಂಕ'ವನ್ನು ಮಂಡಿಸಿದರು. ಪ್ರಭೇದಗಳು ಪರಸ್ಪರ ಎಷ್ಟು ಭಿನ್ನ ಎಂಬುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಣೇಶಯ್ಯನವರನ್ನು ಕಾದಂಬರಿಕಾರರೆಂದೇ ಬಲ್ಲ ಓದುಗರಿಗೆ ಇದು ಅಚ್ಚರಿಯಾದೀತು.

ಇವೆಲ್ಲವೂ ಸರಿಯಿದ್ದು ಋತು ತಪ್ಪಿದರೆ? ಯೋಜನೆಗಳಿಗೆ ಅನುಮತಿ ಪಡೆಯಲು ಸಿದ್ಧಪಡಿಸುವ ತ್ವರಿತ ಪರಿಸರ ಪರಿಣಾಮ ವರದಿಗಳಿಗೆ ಮಳೆಗಾಲ ಹೊರತುಪಡಿಸಿ ಒಂದೇ ಋತುವಿನ ಮಾಹಿತಿ ಸಾಕೆಂಬ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಗಾಳಿಯ ದೂಳು ಅಳೆಯಲು ಇದು ಒಪ್ಪಬಹುದಾದ ನಿಯಮವೇ ಇರಬಹುದು. ಆದರೆ ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಕಪ್ಪೆ ಕೂಗುವುದು, ಅಲ್ಪಾಯುಷಿ ಗಿಡಗಳು ಮೊಳೆಯುವುದು, ಕೀಟಗಳು ಹೆಚ್ಚುವುದು ಮಳೆ ಬಿದ್ದ ಮೇಲೆಯೇ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹಗ್ಗ ಹಿಡಿದು ಹೋದವರ ಚೌಕದೊಳಗೆ ಸಿಗುವುದು ಒಣ ಹುಲ್ಲು ಮತ್ತು ಬಂಡೆಗಳೇ. ವರದಿಯಲ್ಲಿ ದಾಖಲಾಗುವುದೂ ಅಷ್ಟೇ.