ಕೈಕೆಲಸದಿಂದ ಪಾಠ: ತೊಗಲುಗೊಂಬೆ, ಲೇಪಾಕ್ಷಿ ನಂದಿ ಮತ್ತು ಪ್ರಾಥಮಿಕ ತರಗತಿ

ಚಿತ್ರ ಬಿಡಿಸುವುದು, ಗೊಂಬೆ ಮಾಡುವುದು ಪಾಠ ಮುಗಿದ ಮೇಲಿನ ಆಟ ಎಂಬ ಭಾವನೆ ಹಲವರಲ್ಲಿದೆ. ಆದರೆ ಇವು ಪಾಠ ಕಲಿಯುವ ದಾರಿಯೂ ಹೌದು. ಕಲೆಯನ್ನು ಇತರ ವಿಷಯಗಳೊಂದಿಗೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನೇ ಒತ್ತಿ ಹೇಳಿದೆ. ಹಿಂದೂಪುರ, ಕಲ್ಯಾಣದುರ್ಗ ಸುತ್ತಿನ ಶಾಲೆಗಳಿಗೆ ಇದಕ್ಕೆ ಬೇಕಾದ ಮಾದರಿಗಳು ದೂರವೇನಿಲ್ಲ.

ತೊಗಲುಗೊಂಬೆ: ವಿಜ್ಞಾನ, ಭಾಷೆ

ಶ್ರೀ ಸತ್ಯಸಾಯಿ ಜಿಲ್ಲೆಯ ಧರ್ಮವರಂ ಬಳಿಯ ನಿಮ್ಮಲಕುಂಟ ತೊಗಲುಗೊಂಬೆಗೆ ಹೆಸರಾದ ಊರು. ತೆಲುಗಿನಲ್ಲಿ ಈ ಆಟಕ್ಕೆ ತೋಲುಬೊಮ್ಮಲಾಟ ಎನ್ನುತ್ತಾರೆ. ಇಲ್ಲಿನ ಕಲಾವಿದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಮೇಕೆ ಚರ್ಮವನ್ನು ಬೆಳಕು ಹಾಯುವಂತೆ ಹದಮಾಡಿ, ಚಿತ್ರ ಬರೆದು, ರಂಧ್ರ ಕೊರೆದು, ಬಣ್ಣ ಹಚ್ಚುತ್ತಾರೆ.

ತರಗತಿಗೆ ಚರ್ಮ ಬೇಕಿಲ್ಲ. ಹಳೆಯ ರಟ್ಟು, ಕಡ್ಡಿ, ದಾರ, ಬಿಳಿ ಪಂಚೆ, ಟಾರ್ಚ್ ಸಾಕು. ಗೊಂಬೆಯನ್ನು ಬೆಳಕಿನ ಹತ್ತಿರ ತಂದರೆ ನೆರಳು ದೊಡ್ಡದಾಗುತ್ತದೆ. ಪರದೆಯ ಹತ್ತಿರ ಒಯ್ದರೆ ಚಿಕ್ಕದಾಗಿ, ಸ್ಪಷ್ಟವಾಗುತ್ತದೆ. ರಟ್ಟು ಬೆಳಕನ್ನು ತಡೆಯುತ್ತದೆ, ಎಣ್ಣೆ ಸವರಿದ ಕಾಗದ ಸ್ವಲ್ಪ ಬಿಡುತ್ತದೆ. ಗೊಂಬೆಯ ಕೈಕಾಲು ಆಡಬೇಕಾದರೆ ದಾರ ಎಲ್ಲಿ ಕಟ್ಟಬೇಕು ಎಂದು ಯೋಚಿಸುವಾಗ ಕೀಲುಗಳ ಪಾಠವೂ ಆಗುತ್ತದೆ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಅಥವಾ ಇಂಗ್ಲಿಷ್ ಇರುವ ಮಗು ಬಾಯಿ ಬಿಡಲು ಹಿಂಜರಿಯುವುದುಂಟು. ಪರದೆಯ ಹಿಂದೆ ನಿಂತರೆ ಎಲ್ಲರ ಕಣ್ಣು ಗೊಂಬೆಯ ಮೇಲಿರುತ್ತದೆ, ಅಂಜಿಕೆ ಕಡಿಮೆಯಾಗುತ್ತದೆ. ಒಂದು ಗೊಂಬೆ ಕನ್ನಡದಲ್ಲಿ ಕೇಳಲಿ, ಇನ್ನೊಂದು ತೆಲುಗಿನಲ್ಲಿ ಉತ್ತರಿಸಲಿ.

ಲೇಪಾಕ್ಷಿ: ಗಣಿತ

ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯ ಏಕಶಿಲಾ ನಂದಿ ಸುಮಾರು 27 ಅಡಿ ಉದ್ದ, 15 ಅಡಿ ಎತ್ತರವಿದೆ. ಒಂದು ಅಡಿಗೆ ಒಂದು ಸೆಂ.ಮೀ. ಲೆಕ್ಕದಲ್ಲಿ ಮಕ್ಕಳು ಇದನ್ನು ಕಾಗದದ ಮೇಲೆ ಬರೆಯಬಹುದು. ನಂತರ ಹಗ್ಗದಿಂದ ಅಳೆದು, ಮೈದಾನದಲ್ಲಿ ಸುಣ್ಣದ ಪುಡಿಯಿಂದ ನಿಜವಾದ ಗಾತ್ರದಲ್ಲೇ ಬಿಡಿಸಬಹುದು. ಪ್ರಮಾಣ ಎಂಬ ಪದದ ಅರ್ಥ ಆಗ ಕಣ್ಣಿಗೇ ಕಾಣುತ್ತದೆ. ವೀರಭದ್ರ ದೇವಾಲಯದ ಲತಾ ಮಂಟಪದ ಕಂಬಗಳ ಮೇಲಿನ ವಿನ್ಯಾಸಗಳು ಸಮಮಿತಿಯ ಪಾಠಕ್ಕೆ ಹೇಳಿ ಮಾಡಿಸಿದಂತಿವೆ.

ಗಡಿ ದಾಟಿದ ಪದ್ಧತಿ

ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ 'ನಲಿ-ಕಲಿ' ಆರಂಭವಾಯಿತು. ಕಾರ್ಡು, ಹಾಡು, ಚಟುವಟಿಕೆಗಳ ಈ ಪದ್ಧತಿ ಮುಂದೆ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಹರಡಿತು.

ಶಿಕ್ಷಕರ ಗಮನಕ್ಕೆ

1. ಯಾವ ಪಾಠಕ್ಕಾಗಿ ಈ ಕೆಲಸ ಎಂಬುದನ್ನು ಮೊದಲೇ ನಿರ್ಧರಿಸಿ.
2. ಶಿಕ್ಷಕರೇ ಕತ್ತರಿಸಿ ಕೊಟ್ಟು, ಮಕ್ಕಳು ಬರೀ ಬಣ್ಣ ತುಂಬಿದರೆ ಕಲಿಕೆ ಆಗದು.
3. ಮುಗಿದ ಮೇಲೆ "ಹೀಗೇಕಾಯಿತು?" ಎಂದು ಕೇಳಿ, ಉತ್ತರವನ್ನು ಮಕ್ಕಳೇ ಬರೆಯಲಿ.
4. ಚಿತ್ರದ ಅಂದಕ್ಕಿಂತ ಮಗುವಿನ ವಿವರಣೆಗೆ ಬೆಲೆ ಕೊಡಿ.
5. ಚಿಕ್ಕ ಮಕ್ಕಳಿಗೆ ಮೊಂಡು ತುದಿಯ ಕತ್ತರಿಯನ್ನೇ ಕೊಡಿ.

ಪೋಷಕರೂ ಮಗು ಮನೆಗೆ ತಂದ ಗೊಂಬೆಯನ್ನು ನೋಡಿ ಬದಿಗಿಡದೆ, ಅದನ್ನು ಹೇಗೆ ಮಾಡಿದೆ ಎಂದು ಮನೆಮಾತಿನಲ್ಲೇ ವಿಚಾರಿಸುವುದು ಒಳ್ಳೆಯದು.