ದುಡಿಮೆಗೆಂದು ಹುಟ್ಟಿದ ಟರ್ನ್‌ಟೇಬಲ್

ಹಳೆಯ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ಕೊಳ್ಳಲು ಹೊರಟವರು ಹೆಸರು, ಬೆಲೆ, ಹೊಳಪು ನೋಡುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು ಒಂದಿದೆ: ಇದನ್ನು ಯಾರ ಕೆಲಸಕ್ಕೆಂದು ಮಾಡಿದ್ದರು? 1970ರವರೆಗೆ ರೆಕಾರ್ಡು ತಿರುಗಿಸಲು ಮುಖ್ಯವಾಗಿ ಎರಡು ದಾರಿಗಳಿದ್ದವು. ಗ್ಯಾರಾರ್ಡ್ 301ರಂಥವುಗಳಲ್ಲಿ ರಬ್ಬರ್ ಚಕ್ರವೊಂದು ಮೋಟಾರಿನ ಓಟವನ್ನು ತಟ್ಟೆಯ ಅಂಚಿಗೆ ಮುಟ್ಟಿಸುತ್ತಿತ್ತು. ಉಳಿದವುಗಳಲ್ಲಿ ಆ ಕೆಲಸ ಬೆಲ್ಟಿನದು. 50 ಹರ್ಟ್ಸ್ ಕರೆಂಟಿನಲ್ಲಿ ನಾಲ್ಕು ಧ್ರುವಗಳ ಮೋಟಾರು ನಿಮಿಷಕ್ಕೆ ಸುಮಾರು 1500 ಸುತ್ತು ಹಾಕುತ್ತದೆ, ಅಂದರೆ ಸೆಕೆಂಡಿಗೆ 25. ಆ ನಡುಕ ಕಿವಿಗೆ ಕೇಳುವ ಸ್ವರಗಳ ಕೆಳತುದಿಯಲ್ಲೇ ಬೀಳುವುದರಿಂದ ಸಂಗೀತದಡಿಯಲ್ಲಿ ಗುಡುಗುಡು ಸದ್ದಾಗಿ ಕೇಳಿಸುತ್ತದೆ. ಜಪಾನಿನ ಮತ್ಸುಶಿತ ಕಂಪನಿಯ ಇಂಜಿನಿಯರ್ ಶುಯಿಚಿ ಒಬಾತ ಮೋಟಾರನ್ನೇ ನಿಮಿಷಕ್ಕೆ 33⅓ ಸುತ್ತಿಗೆ ಇಳಿಸಿ, ತಟ್ಟೆಯನ್ನು ನೇರವಾಗಿ ಅದರ ಮೇಲೆ ಕೂರಿಸಿದರು; ಡೈರೆಕ್ಟ್ ಡ್ರೈವ್ ಎಂದರೆ ಇದೇ. ಸೆಕೆಂಡಿಗೆ ಅರ್ಧ ಸುತ್ತಿಗಿಂತ ತುಸು ಹೆಚ್ಚು. ಅಷ್ಟು ನಿಧಾನದ ನಡುಕ ಕಿವಿಯ ಎಟುಕಿಗೇ ಬರುವುದಿಲ್ಲ. 1970ರಲ್ಲಿ ಟೆಕ್ನಿಕ್ಸ್ ಹೆಸರಿನಲ್ಲಿ ಹೊರಬಂದ ಎಸ್‌ಪಿ-10 ಹುಟ್ಟಿದ್ದು ಹೀಗೆ.

ಎಸ್‌ಪಿ-10ಕ್ಕೆ ಮುಳ್ಳು ಹಿಡಿಯುವ ತೋಳೂ ಇರಲಿಲ್ಲ, ಮರದ ಪೆಟ್ಟಿಗೆಯೂ ಇರಲಿಲ್ಲ. ಅವನ್ನು ಕೊಂಡವರೇ ಹೊಂದಿಸಿಕೊಳ್ಳಬೇಕಿತ್ತು. ಇದನ್ನು ಬಯಸಿ ಕೊಂಡವರಲ್ಲಿ ಬಾನುಲಿ ಕೇಂದ್ರಗಳು ಮುಖ್ಯ. ಉದ್ಘೋಷಕರ ಮಾತು ಮುಗಿದ ಕ್ಷಣಕ್ಕೆ ಹಾಡು ಸರಿಯಾದ ವೇಗದಲ್ಲೇ ಶುರುವಾಗಬೇಕು, ಇಡೀ ದಿನ ಓಡಬೇಕು. ಬೆಲ್ಟ್ ಸಡಿಲವಾಗುತ್ತದೆ, ರಬ್ಬರ್ ಚಕ್ರ ಸವೆದು ಚಪ್ಪಟೆಯಾಗುತ್ತದೆ. ಇಲ್ಲಿ ಸವೆಯುವ ರಬ್ಬರೇ ಇಲ್ಲ. ಜಪಾನಿನ ಪೂರ್ವಭಾಗದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60 ಹರ್ಟ್ಸ್ ಕರೆಂಟು ಹರಿಯುತ್ತದೆ. ಮೇನ್ಸ್‌ನ ತಾಳಕ್ಕೆ ಕುಣಿಯುವ ಹಳೆಯ ಮೋಟಾರಿಗೆ ಊರು ಬದಲಾದರೆ ವೇಗವೂ ಬದಲು. ಡಿಸಿ ಮೋಟಾರಿನ ಈ ಯಂತ್ರಕ್ಕೆ ಆ ಹಂಗಿಲ್ಲ. ಜಪಾನಿನಿಂದ ಹಳೆಯ ಯಂತ್ರ ತರಿಸುವ ನಮಗೂ ಇದು ಅನುಕೂಲ: 230 ವೋಲ್ಟನ್ನು 100ಕ್ಕೆ ಇಳಿಸುವ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಇದ್ದರೆ ಸಾಕು.

ಅದೇ ಟೆಕ್ನಿಕ್ಸ್‌ನ 1972ರ ಎಸ್‌ಎಲ್-1200 ಮನೆಯಲ್ಲಿ ಸಂಗೀತ ಕೇಳುವವರಿಗೆಂದೇ ಬಂದದ್ದು. ಆದರೆ ನೃತ್ಯಕೂಟಗಳಲ್ಲಿ ರೆಕಾರ್ಡು ಹಾಕುವವರು ಇದರ ಮೋಟಾರಿನ ಕಸುವನ್ನು ಬೇಗ ಗುರುತಿಸಿದರು. ರೆಕಾರ್ಡನ್ನು ಕೈಯಿಂದ ತಡೆದರೂ ಅಡಿಯ ತಟ್ಟೆ ತನ್ನ ವೇಗ ಬಿಡುತ್ತಿರಲಿಲ್ಲ. 1979ರ ಮಾರ್ಕ್ 2 ಅವರನ್ನು ಮನಸ್ಸಿನಲ್ಲಿಟ್ಟೇ ಬಂತು: ವೇಗ ಕಾಯಲು ಕ್ವಾರ್ಟ್ಸ್, ಶೇಕಡ 8ರಷ್ಟು ಏರಿಳಿಸಲು ಜಾರುಗುಂಡಿ, ಸ್ಪೀಕರಿನ ಅದುರು ತಡೆಯಲು ಭಾರದ ರಬ್ಬರ್ ತಳ, 0.7 ಸೆಕೆಂಡಿನಲ್ಲಿ ಪೂರ್ಣ ವೇಗ. ಈ ಸಾಲಿನ ಯಂತ್ರಗಳು 35 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಅದಕ್ಕೇ ಬಿಡಿಭಾಗಗಳು ಇಂದಿಗೂ ಸಿಗುತ್ತವೆ, ರಿಪೇರಿ ಬಲ್ಲವರೂ ಇದ್ದಾರೆ. ಮುಳ್ಳು ತಾನೇ ಏಳುವ, ತಾನೇ ಇಳಿಯುವ ಪೂರ್ತಿ ಆಟೊಮ್ಯಾಟಿಕ್ ಮಾದರಿಗಳ ಕಥೆ ಬೇರೆ. ಅವು ಅಂಗಡಿಯಲ್ಲಿ ಗಿರಾಕಿಯ ಕಣ್ಣು ಸೆಳೆಯಲು ಹುಟ್ಟಿದವು. ಒಳಗಿನ ವಿಶೇಷ ಚಿಪ್ ಸುಟ್ಟರೆ ಇನ್ನೊಂದು ಹಾಳು ಯಂತ್ರದಿಂದ ಕಿತ್ತು ತರಬೇಕು. ಆದ್ದರಿಂದ ದುಡಿಮೆಗೆಂದು ಮಾಡಿದ ಸರಳ, ಕೈಚಾಲಿತ ಮಾದರಿಯೇ ಮನೆಗೂ ಸರಿ ಎಂಬುದು ನನ್ನ ವಾದ.

ಬೆಲ್ಟ್ ಪಕ್ಷದವರ ಆಕ್ಷೇಪಣೆ ಹಳೆಯದು: ಮೋಟಾರು ಮುಳ್ಳಿನ ಕೆಳಗೇ ಇದೆ, ಕಾಂತಧ್ರುವಗಳ ಎಳೆತಕ್ಕೆ ತಟ್ಟೆ ಸಣ್ಣಗೆ ತಡವರಿಸುತ್ತದೆ, ನಾದ ಒರಟಾಗುತ್ತದೆ. ತತ್ತ್ವತಃ ಇದು ಸುಳ್ಳಲ್ಲ. 2016ರಲ್ಲಿ ಮರಳಿ ಬಂದ ಎಸ್‌ಎಲ್-1200ರಲ್ಲಿ ಕಬ್ಬಿಣದ ತಿರುಳಿಲ್ಲದ ಹೊಸ ಮೋಟಾರು ಹಾಕಿದ್ದೇ ಈ ಎಳೆತ ತಪ್ಪಿಸಲು. ಆದರೆ ಮಾರ್ಕ್ 2ರ ವೇಗದ ಅಲುಗಾಟ ಅಳತೆಯಲ್ಲಿ ಶೇಕಡ 0.025 ಮಾತ್ರ. ಇದಕ್ಕಿಂತ ದೊಡ್ಡ ಸಾಕ್ಷಿ ರೆಕಾರ್ಡಿನ ಗೆರೆ ಕೊರೆಯುವ ಕೋಣೆಯಲ್ಲಿದೆ: ಕೊರೆಯುವ ಯಂತ್ರಗಳಿಗೆಂದೇ ಟೆಕ್ನಿಕ್ಸ್ ಎಸ್‌ಪಿ-02 ಎಂಬ ಡೈರೆಕ್ಟ್ ಡ್ರೈವ್ ಮೋಟಾರನ್ನು ತಯಾರಿಸಿತ್ತು. ಕೊರೆಯಲು ಒಗ್ಗಿದ ತಂತ್ರ ಕೇಳಲು ಒಗ್ಗದು ಎನ್ನುವುದು ಕಷ್ಟ. ಡೈರೆಕ್ಟ್ ಡ್ರೈವ್‌ನ ಕೆಟ್ಟ ಹೆಸರಿಗೆ ಹಗುರ ಪ್ಲಾಸ್ಟಿಕ್ ಪೆಟ್ಟಿಗೆಯ ಅಗ್ಗದ ಮಾದರಿಗಳು ಕಾರಣವೇ ಹೊರತು ತಂತ್ರವಲ್ಲ ಎಂದೇ ನಾನು ನಂಬುತ್ತೇನೆ.

ನಲವತ್ತು ವರ್ಷದ ಎಲೆಕ್ಟ್ರಾನಿಕ್ಸನ್ನು ನಂಬುವುದು ಹೇಗೆ ಎಂಬ ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಕೆಪಾಸಿಟರುಗಳು ಒಣಗುತ್ತವೆ, ಜಾರುಗುಂಡಿಯೊಳಗೆ ಧೂಳು ಕೂರುತ್ತದೆ. ಆದರೆ ಈ ಯಂತ್ರದ ಆರೋಗ್ಯ ಕಣ್ಣಿಗೇ ಕಾಣುತ್ತದೆ. ಮಾರ್ಕ್ 2ರ ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕಿಗಳಿವೆ. ಗುಂಡಿಯನ್ನು ನಡುವಿಗೆ ತಂದಾಗ ಹಸಿರು ದೀಪ ಹತ್ತಬೇಕು, ಅಂಚಿಗೆ ಬೀಳುವ ಕೆಂಪು ಬೆಳಕಿನಲ್ಲಿ ದೊಡ್ಡ ಚುಕ್ಕಿಗಳ ಸಾಲು ಕದಲದೆ ನಿಲ್ಲಬೇಕು. ಗುಂಡಿ ಸರಿಸಿದಾಗ ಚುಕ್ಕಿಗಳು ಒಂದೇ ಸಮ ಜಾರದೆ ತಡವರಿಸಿದರೆ ಗುಂಡಿಗೆ ಶುಚಿ ಬೇಕು ಅಥವಾ ಬದಲಿ ಬೇಕು. ತಟ್ಟೆ ಎತ್ತಿ ನೋಡಿ: ಅದರ ಬೆನ್ನಿಗೆ ಕಾಂತದ ಬಳೆ, ಕೆಳಗೆ ತಾಮ್ರದ ಸುರುಳಿಗಳು, ತಟ್ಟೆಯೇ ಮೋಟಾರಿನ ಅರ್ಧಭಾಗ. ಕ್ಲಬ್ಬಿನಲ್ಲಿ ದುಡಿದದ್ದಾದರೆ ತೋಳಿನ ಬೇರಿಂಗನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ, ಸಡಿಲವಿದ್ದರೆ ಬಿಡಿ.

ಮನೆಯಲ್ಲಿ ಹಳೆಯ ಕನ್ನಡ ರಂಗಗೀತೆಗಳ 78 ವೇಗದ ರೆಕಾರ್ಡುಗಳಿದ್ದರೆ ಮಾತ್ರ ಎಸ್‌ಎಲ್-1200 ಮಾರ್ಕ್ 2 ಸಾಲದು; ಅದರಲ್ಲಿರುವುದು 33 ಮತ್ತು 45 ಅಷ್ಟೇ. ಆಗ ಮೂರೂ ವೇಗವಿರುವ ಎಸ್‌ಪಿ-10 ಮಾರ್ಕ್ 2ರಂಥದ್ದನ್ನು ಹುಡುಕಿ, ಅಗಲದ ಗೆರೆಗೆ ತಕ್ಕ ಬೇರೆ ಮುಳ್ಳನ್ನೂ ಇಟ್ಟುಕೊಳ್ಳಿ.